ಪಿಎಸ್‌ಎ ಎಂಬ ಅಂಕಿಯ ಕಥೆ

ಪಿಎಸ್‌ಎ ಅನ್ನೋ ಮೂರಕ್ಷರ ಈಗ ಅರವತ್ತು ದಾಟಿದ ಎಷ್ಟೋ ಗಂಡಸರಿಗೆ ಪರಿಚಯ. ನಾನು ಓದಿದ್ದು ಬಿಕಾಂ, ಡಾಕ್ಟರಲ್ಲ. ಆದರೆ ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಲು ತಿರುವೊಟ್ಟಿಯೂರಿನ ನಮ್ಮ ಬ್ರಾಂಚಿಗೆ ಬರುವ ಹಿರಿಯರು ಪಾಸ್‌ಬುಕ್ ಜತೆ ಲ್ಯಾಬ್ ರಿಪೋರ್ಟನ್ನೂ ಮುಂದಿಡುತ್ತಾರೆ. ಬ್ಯಾಂಕಿನವನಿಗೆ ಎಲ್ಲ ಅಂಕಿಯೂ ಅರ್ಥವಾಗುತ್ತೆ ಅನ್ನೋ ನಂಬಿಕೆ! ಹಾಗಾಗಿ ಈ ಅಂಕಿಯ ಚರಿತ್ರೆ ಹುಡುಕಿ ಓದಿದೆ.

1935ರಲ್ಲೇ ಅಮೆರಿಕದ ಅರ್ನಾಲ್ಡ್ ರಿಚ್ ಎಂಬ ವೈದ್ಯರು, ಐವತ್ತು ದಾಟಿ ತೀರಿಕೊಂಡ ಗಂಡಸರ ಶವಪರೀಕ್ಷೆಯಲ್ಲಿ ಸುಮಾರು 14% ಮಂದಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದದ್ದನ್ನು ಕಂಡಿದ್ದರು. ಬದುಕಿದ್ದಾಗ ಬಹಳಷ್ಟು ಜನಕ್ಕೆ ಅದು ಗೊತ್ತೇ ಇರಲಿಲ್ಲ. ಅಮೆರಿಕ ಸರ್ಕಾರ 1986ರಲ್ಲಿ ಪಿಎಸ್‌ಎ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿದ್ದು ರೋಗ ಇದ್ದವರ ಮೇಲೆ ನಿಗಾ ಇಡಲಷ್ಟೇ. 1994ರಲ್ಲಿ ರೋಗ ಹುಡುಕಲೂ ಒಪ್ಪಿಗೆ ಸಿಕ್ಕಿತು. ಸಿಕ್ಕಿದ್ದಕ್ಕೆಲ್ಲ ಆಪರೇಷನ್, ರೇಡಿಯೇಷನ್. ಎಷ್ಟೋ ಜನಕ್ಕೆ ಮೂತ್ರ ಹಿಡಿದಿಡಲಾಗದ ಪಾಡು. 1995ರಲ್ಲಿ ಟೊರಾಂಟೋದ ಲಾರೆನ್ಸ್ ಕ್ಲಾಟ್ಜ್ ತಂಡ ಬೇರೆ ದಾರಿ ಹಿಡಿಯಿತು: ನಿಧಾನ ಬೆಳೆಯುವ ಕ್ಯಾನ್ಸರಾದರೆ ಪಿಎಸ್‌ಎ, ಬಯಾಪ್ಸಿ ಮಾಡುತ್ತಾ ಕಾಯುವುದು, ಜೋರಾದರೆ ಆಗ ಚಿಕಿತ್ಸೆ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ 1643 ಗಂಡಸರನ್ನು ಮೂರು ಗುಂಪು ಮಾಡಿತ್ತು. 2023ರಲ್ಲಿ ಬಂದ 15 ವರ್ಷದ ಫಲಿತಾಂಶದಂತೆ ಆಪರೇಷನ್, ರೇಡಿಯೇಷನ್, ಬರೀ ನಿಗಾ, ಯಾವ ಗುಂಪಿನಲ್ಲೂ ಈ ಕ್ಯಾನ್ಸರಿಗೆ ಬಲಿಯಾದವರು ನೂರಕ್ಕೆ ಎರಡು-ಮೂರು. ರೋಗ ಹರಡಿದ್ದು ಮಾತ್ರ ನಿಗಾದಲ್ಲಿದ್ದವರಲ್ಲಿ ಹೆಚ್ಚು, 9.4%, ಉಳಿದೆರಡರಲ್ಲಿ 5% ಆಸುಪಾಸು.

ಸರಿ, ನಿಗಾ ಶುರುವಾಯಿತು. ಕಡಿಮೆ ಮಾಡುವುದು ಯಾವಾಗ? ಇದು ಶುರು ಮಾಡೋದಕ್ಕಿಂತ ಕಷ್ಟ.

ನಮ್ಮ ಕಡೆಯ ಹಿರಿಯರೊಬ್ಬರಿಗೆ 81. ಹೃದಯಕ್ಕೆ ಎರಡು ಸ್ಟೆಂಟ್. ಸೌಮ್ಯ ದರ್ಜೆಯ ಕ್ಯಾನ್ಸರ್, ಒಂಬತ್ತು ವರ್ಷದಿಂದ ಹಾಗೇ ಇದೆ. ಇನ್ನು ಬಯಾಪ್ಸಿ ಬೇಡ ಅಂದರಂತೆ ಡಾಕ್ಟರು. ಇವರು ನನ್ನ ಮುಂದೆ ಕೂತು, "ನನ್ನನ್ನ ರೈಟ್ ಆಫ್ ಮಾಡಿದ್ರಾ ಸಾರ್?" ಅಂದರು.

"ಹಾಗಲ್ಲ ರಾಯರೇ. ಬಯಾಪ್ಸಿಯಲ್ಲಿ ಕೆಟ್ಟ ಸುದ್ದಿ ಬಂದರೆ ಆಪರೇಷನ್ನಿಗೋ ರೇಡಿಯೇಷನ್ನಿಗೋ ಒಪ್ತೀರಾ?"

"ಈ ವಯಸ್ಸಲ್ಲಾ? ಉಹುಂ."

ಹಾಗಾದರೆ ಸೋಂಕಿನ ಅಪಾಯವಿರುವ ಆ ಸೂಜಿ ಯಾಕೆ? ನಿಗಾ ಕಡಿಮೆಯಾದರೆ ಚಿಕಿತ್ಸೆ ಇಲ್ಲವೆಂದಲ್ಲ. ಮೂಳೆ ನೋವು, ಮೂತ್ರದ ತೊಂದರೆ ಬಂದರೆ ಹಾರ್ಮೋನ್ ಚಿಕಿತ್ಸೆಯಿದೆ. ಅದರ ಮೂಲ 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಮಾಡಿದ ಕೆಲಸ, 1966ರಲ್ಲಿ ಅವರಿಗೆ ನೊಬೆಲ್ ಬಂತು. ಗಟ್ಟಿಮುಟ್ಟಾಗಿರುವ ಎಪ್ಪತ್ತರವರ, ಉಗ್ರ ದರ್ಜೆ ಇರುವವರ ಲೆಕ್ಕವೇ ಬೇರೆ. ಅದನ್ನು ಡಾಕ್ಟರೇ ಹೇಳಬೇಕು, ನಾನಲ್ಲ.

ವರ್ಷಕ್ಕೊಂದು ಪಿಎಸ್‌ಎ, ಬಯಾಪ್ಸಿ ಇಲ್ಲ, ಯಾವ ಲಕ್ಷಣಕ್ಕೆ ಓಡಿ ಬರಬೇಕು ಅಂತ ಬರೆಸಿಕೊಂಡು ಬಂದರು ರಾಯರು. ಬೆಂಗಳೂರಿನ ಮಗನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಮೊನ್ನೆ ನನಗೇ ಫೋನ್ ಮಾಡಿದ್ದ.