ಸಿಡಿದ ಕುಕ್ಕರಿನ ದಾವೆ ಯಾವ ಬಾಗಿಲಿಗೆ: ಭದ್ರಾವತಿಯಿಂದ ನೋಡಿದ ಅಧಿಕಾರವ್ಯಾಪ್ತಿಯ ಪ್ರಶ್ನೆ

ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸ್ ಒಂದರಲ್ಲಿ ಎರಡು ಸಾವಿರ ರೂಪಾಯಿಯ ಪ್ರೆಷರ್ ಕುಕ್ಕರ್ ಸಿಡಿದು ಅಡುಗೆ ಮಾಡುತ್ತಿದ್ದವರ ಕಣ್ಣು ಹೋಯಿತೆಂದು ಇಟ್ಟುಕೊಳ್ಳೋಣ. ಕುಕ್ಕರ್ ತಯಾರಾದದ್ದು ಬೇರೆ ರಾಜ್ಯದಲ್ಲಿ, ಕೊಂಡದ್ದು ಆನ್‌ಲೈನಿನಲ್ಲಿ.

ಅಮೆರಿಕದಲ್ಲಿ ಪಕ್ಷಗಾರರು ಬೇರೆ ಬೇರೆ ರಾಜ್ಯದವರಾಗಿದ್ದು ವ್ಯಾಜ್ಯದ ಮೊತ್ತ 75,000 ಡಾಲರ್ ಮೀರಿದರೆ, ರಾಜ್ಯ ನ್ಯಾಯಾಲಯದಲ್ಲಿ ಹೂಡಿದ ದಾವೆಯನ್ನು ಕಂಪನಿ ಸಾಮಾನ್ಯವಾಗಿ ಫೆಡರಲ್ ನ್ಯಾಯಾಲಯಕ್ಕೆ ಒಯ್ಯಬಹುದು. ನಮ್ಮ ನ್ಯಾಯಾಂಗದಲ್ಲಿ ಆ ಸೀಳು ಇಲ್ಲ. ತಕರಾರು ಬೇರೆ ಕಡೆ ಏಳುತ್ತದೆ.

1986ರ ಗ್ರಾಹಕ ಕಾಯ್ದೆ ನೋಡುತ್ತಿದ್ದುದು ಎದುರುದಾರರ ನೆಲೆ ಅಥವಾ ವ್ಯಾಜ್ಯಕಾರಣ ಹುಟ್ಟಿದ ಸ್ಥಳವನ್ನು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯ್ದೆಯ 34ನೇ ಕಲಂ ದೂರುದಾರರ ವಾಸಸ್ಥಳವನ್ನೂ ಸೇರಿಸಿತು. ನ್ಯೂ ಟೌನಿನವರು ಈಗ ಶಿವಮೊಗ್ಗದ ಜಿಲ್ಲಾ ಆಯೋಗಕ್ಕೆ ಹೋದರೆ ಸಾಕು.

ಅದೇ ಕಲಂ ಮೊತ್ತದ ಅಳತೆಯನ್ನೂ ಬದಲಿಸಿತು. ಹಿಂದೆ ಸರಕಿನ ಬೆಲೆಗೆ ಕೇಳಿದ ಪರಿಹಾರವನ್ನು ಕೂಡಿಸಿ ಲೆಕ್ಕ ಹಾಕುತ್ತಿದ್ದರು. ಈಗ ತೆತ್ತ ಬೆಲೆಯೊಂದೇ ಲೆಕ್ಕ. 2021ರ ನಿಯಮದಂತೆ 50 ಲಕ್ಷದವರೆಗಿನದು ಜಿಲ್ಲಾ ಆಯೋಗಕ್ಕೆ. ಕಾರಿಗೆ ಬೆಂಕಿ ತಗುಲಿ ಮಾಲೀಕ ತೀರಿಕೊಂಡ ಪ್ರಕರಣದಲ್ಲಿ ಕುಟುಂಬ 50 ಕೋಟಿಗೂ ಹೆಚ್ಚು ಪರಿಹಾರ ಕೇಳಿ ಈ ಅಳತೆಯನ್ನೇ ಪ್ರಶ್ನಿಸಿತು. 2025ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್ ಕಲಮನ್ನು ಎತ್ತಿಹಿಡಿಯಿತು. ಎಷ್ಟು ಪರಿಹಾರ ಕೇಳಬಹುದೆಂಬುದಕ್ಕೆ ಇದರಿಂದ ಮಿತಿ ಬೀಳುವುದಿಲ್ಲ. ತೀರ್ಪು ಸರಿಯೆಂದೇ ನನ್ನ ಎಣಿಕೆ: ಕಣ್ಣು ಕಳೆದುಕೊಂಡವರಿಗೆ ದೆಹಲಿಯ ರಾಷ್ಟ್ರೀಯ ಆಯೋಗಕ್ಕಿಂತ ಶಿವಮೊಗ್ಗ ಮೇಲು.

ನಿಜವಾದ ಅಪಾಯ ಸ್ಥಳ, ಮೊತ್ತಗಳ ನಂತರದ ಮೂರನೆಯ ತಕರಾರಿನಲ್ಲಿದೆ. ‘ವಿಷಯ ಜಟಿಲ, ತಜ್ಞರ ಸಾಕ್ಷ್ಯ ಬೇಕು, ಸಿವಿಲ್ ಕೋರ್ಟಿಗೆ ಹೋಗಲಿ’ ಎಂಬುದು ಕಂಪನಿ ವಕೀಲರ ಹಳೆಯ ವಾದ. ಜಟಿಲತೆಯೊಂದೇ ದೂರನ್ನು ಹೊರಗಟ್ಟಲು ಕಾರಣವಾಗದೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಜೆ.ಜೆ. ಮರ್ಚೆಂಟ್ ಪ್ರಕರಣದಲ್ಲಿ ಹೇಳಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಮಿನಡಿ ಹಾನಿ ಸಂಭವಿಸಿದ ಊರಿನಲ್ಲೇ ದಾವೆ ಹೂಡಬಹುದು, ನಿಜ. ಆದರೆ ಅಲ್ಲಿ ಕೇಳುವ ಮೊತ್ತ ಏರಿದಂತೆ ಕೋರ್ಟ್ ಶುಲ್ಕವೂ ಏರುತ್ತದೆ.

ಆಯೋಗದಲ್ಲೂ ದೋಷ ಸಾಬೀತುಪಡಿಸುವ ಹೊರೆ ದೂರುದಾರರದೇ. ಗ್ಯಾಸ್ಕೆಟ್ಟೋ, ಸೇಫ್ಟಿ ವಾಲ್ವೋ, ಬಳಕೆಯ ತಪ್ಪೋ ಎಂಬುದನ್ನು ಚೂರುಗಳೇ ಹೇಳಬೇಕು. 38ನೇ ಕಲಮಿನಂತೆ ಆಯೋಗ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ಶುಲ್ಕವನ್ನು ದೂರುದಾರರಿಂದಲೇ ಕಟ್ಟಿಸಿಕೊಳ್ಳಬಹುದು. ದೇಹಕ್ಕೆ ಹಾನಿಯಾದ ಪ್ರಕರಣಗಳಲ್ಲಾದರೂ ಈ ಠೇವಣಿಯನ್ನು ತಯಾರಕರ ಮೇಲೆ ಹಾಕುವ ತಿದ್ದುಪಡಿ ಬರಬೇಕು.