‘ಬಿಟ್ಟುಕೊಡು’: ಒಂದು ಕೂಡುಕ್ರಿಯೆಯ ಚರಿತ್ರೆ

ಇಂಗ್ಲಿಷಿನ ‘ಗಿವ್ ಅಪ್’ ಎಂಬ ನುಡಿಗಟ್ಟಿಗೆ ಕನ್ನಡ ಅನುವಾದಕರು ಸಾಮಾನ್ಯವಾಗಿ ‘ಬಿಟ್ಟುಕೊಡು’ ಎಂದು ಬರೆಯುತ್ತಾರೆ. ಈ ಸಮೀಕರಣ ಎಷ್ಟು ದೂರ ಸಲ್ಲುತ್ತದೆ ಎಂಬುದನ್ನು ಅಣ್ಣಿಗೇರಿ ಸೀಮೆಯ ಬಳಕೆಯನ್ನು ಮುಂದಿಟ್ಟುಕೊಂಡು ನಾವು ಇಲ್ಲಿ ಪರಿಶೀಲಿಸುತ್ತೇವೆ.

‘ಗಿವ್ ಅಪ್’ನ ಅತಿ ಹಳೆಯ ಬಳಕೆಗಳಲ್ಲೊಂದು 12ನೆಯ ಶತಮಾನದ ಪೀಟರ್‌ಬರೋ ವೃತ್ತಾಂತದಲ್ಲಿದೆ. ಸ್ಟೀಫನ್ ದೊರೆಯು ಬಿಷಪ್ಪರನ್ನು ಸೆರೆಯಲ್ಲಿಟ್ಟು, ಅವರು ತಮ್ಮ ಕೋಟೆಗಳನ್ನು ಒಪ್ಪಿಸುವವರೆಗೂ ಬಿಡಲಿಲ್ಲವೆಂಬ ಸಂದರ್ಭ ಅದು. ಅಲ್ಲಿ ಆ ನುಡಿಗಟ್ಟಿನ ಹಿಂದಿರುವುದು ಬಲಾತ್ಕಾರ. ಆಸೆ ತೊರೆಯುವುದು, ಚಟ ಬಿಡುವುದು ಮುಂತಾದ ಅರ್ಥಗಳು ಬೆಳೆದುದು ಅನಂತರ.

ಕನ್ನಡದ ‘ಬಿಡು’ ಬೇರೆ ದಾರಿ ಹಿಡಿದಿದೆ. ತಮಿಳು, ಮಲಯಾಳಗಳ ‘ವಿಡು’, ತೆಲುಗಿನ ‘ವಿಡುಚು’, ತುಳುವಿನ ‘ಬುಡು’ ಇದರ ಜ್ಞಾತಿಗಳು; ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗಿದೆ. ಕೆಡು–ಕೇಡು, ಪಡು–ಪಾಡುಗಳಂತೆ ಬಿಡು–ಬೀಡು. ಹೇರು ಇಳಿಸಿ, ದನ ಬಿಚ್ಚಿಬಿಟ್ಟ ತಾಣವೇ ಬೀಡು, ಅರಸನದಾದರೆ ನೆಲೆವೀಡು. ಬೆಳ್ವೊಲ 300ರ ಮುಖ್ಯ ಪಟ್ಟಣವಾಗಿದ್ದ, ಕಲ್ಯಾಣ ಚಾಲುಕ್ಯರ ಕೊನೆಯ ಅರಸನಾದ ನಾಲ್ಕನೆಯ ಸೋಮೇಶ್ವರನು ನೆಲೆಸಿದ್ದ ಅಣ್ಣಿಗೆರೆಗೆ ಈ ಮಾತು ಪರಕೀಯವಲ್ಲ.

ಆದರೆ ನಮ್ಮ ವಿಷಯಕ್ಕೆ ನಿರ್ಣಾಯಕವಾದುದು ಶಾಸನಗಳ ‘ಬಿಟ್ಟರ್’. ಬೆಳ್ವೊಲದಲ್ಲಿಯೂ ಹೊರಗೂ ದೊರೆತ ದಾನಶಾಸನಗಳಲ್ಲಿ ಆಚಾರ್ಯರ ಕಾಲು ತೊಳೆದು, ಧಾರೆಯೆರೆದು, ಮತ್ತರುಗಳ ಲೆಕ್ಕದಲ್ಲಿ ಭೂಮಿಯನ್ನು ‘ಬಿಡು’ತ್ತಾರೆ. ‘ಕೊಟ್ಟರ್’ ಎಂಬುದೂ ಅಲ್ಲಿಯೇ ಉಂಟು. ಕೊಡುವುದು ಪಡೆಯುವವನತ್ತ ನೋಡುತ್ತದೆ. ಬಿಡುವುದು ಕೊಡುವವನ ಹಕ್ಕು ಕಳಚುವುದನ್ನು ಹೇಳುತ್ತದೆ. ದಾನವನ್ನು ಮರಳಿ ಕಸಿದವನಿಗೆ ಶಾಪಾಶಯ ಬರೆದುದೇಕೆಂಬುದು ಇದರಿಂದ ಸ್ಪಷ್ಟ: ಬಿಟ್ಟದ್ದು ಬಿಟ್ಟವನದಲ್ಲ. ‘ಬಿಟ್ಟುಕೊಡು’ವಿನಲ್ಲಿ ಈ ಎರಡೂ ಮುಖಗಳು ಕೂಡಿವೆ.

ಸಮಾನಾರ್ಥಕಗಳೆಂದು ಕೋಶಗಳು ಒಟ್ಟಿಗಿಡುವ ಮಾತುಗಳು ವಾಸ್ತವವಾಗಿ ಸಮಾನವಲ್ಲ. ‘ಕೈಬಿಡು’ವಿನಲ್ಲಿ ಆಸರೆ ತಪ್ಪಿದವನ ನೋವಿದೆ, ‘ಕೈಚೆಲ್ಲು’ವಿನಲ್ಲಿ ಬಿಟ್ಟವನದೇ ಹತಾಶೆ. ‘ತೊರೆ’ಯು ತಮಿಳಿನ ‘ತುಱ’ದೊಡನೆ ವೈರಾಗ್ಯದತ್ತ ವಾಲುತ್ತದೆ, ಸಂಸ್ಕೃತಮೂಲದ ‘ತ್ಯಜಿಸು’ ಅದರ ಗ್ರಾಂಥಿಕ ನೆರೆಯದು. ಆಡುಮಾತಿನ ‘ಬಿಟ್ಟಬಿಡ್ರಿ’ಯಲ್ಲಿ ಒಂದೇ ಧಾತು ಮೊದಲು ಮುಖ್ಯಕ್ರಿಯೆ, ಮತ್ತೆ ಕೆಲಸ ಮುಗಿಯಿತೆಂದು ಸೂಚಿಸುವ ಸಹಾಯಕ. ಹತ್ತಿ, ಮೆಣಸಿನ ಗಿಡಗಳು ಕಾಯಿ ‘ಬಿಡು’ವುದೂ ಇದೇ ಧಾತುವಿನಿಂದ. ಇಂಗ್ಲಿಷಿನ ‘ಯೀಲ್ಡ್’ ಕೂಡ ಶರಣಾಗತಿಗೂ ಫಸಲಿಗೂ ಸಲ್ಲುವುದರಿಂದ, ಈ ಮಟ್ಟಿಗೆ ‘ಗಿವ್ ಅಪ್’ಗಿಂತ ಅದೇ ನಮ್ಮ ‘ಬಿಡು’ವಿಗೆ ಹತ್ತಿರ.

ಹೀಗಿರುವಾಗ ಭೂಸ್ವಾಧೀನದ ಬರಹಗಳಲ್ಲಿ ‘ರೈತರು ಜಮೀನು ಬಿಟ್ಟುಕೊಟ್ಟರು’ ಎಂಬ ವಾಕ್ಯ ಕಂಡಾಗ ನಾವು ತಡೆದು ಓದಬೇಕಾಗುತ್ತದೆ. ಸ್ವಾಧೀನಕ್ಕೆ ಒಳಗಾದುದನ್ನು ಅದು ಧಾರೆಯೆರೆದ ದತ್ತಿಯ ಭಾಷೆಯಲ್ಲಿ ಹೇಳುತ್ತದೆ. ಪೀಟರ್‌ಬರೋದ ಬಲಾತ್ಕಾರಕ್ಕೆ ಬೆಳ್ವೊಲದ ಔದಾರ್ಯವನ್ನು ಹೊದಿಸುತ್ತದೆ. ಅನುವಾದಕನಿಗೆ ‘ಒಪ್ಪಿಸಬೇಕಾಯಿತು’ ಎಂಬ ಮಾತು ಲಭ್ಯವಿದ್ದೇ ಇದೆ. ಅಣ್ಣಿಗೇರಿಯ ಒಕ್ಕಲಿಗನ ಆಡುನುಡಿಗಂತೂ ‘ಹೊಲಾ ಹೋತ್ರಿ’ ಎಂಬಷ್ಟೇ ಸಾಕು. ಅಲ್ಲಿ ಬಿಟ್ಟವರೂ ಇಲ್ಲ, ಕೊಟ್ಟವರೂ ಇಲ್ಲ.