ವೇದಿಕೆಯ ಮೇಲೆ ಮರದ ಗಿಟಾರು: ಅಕೌಸ್ಟಿಕ್-ಎಲೆಕ್ಟ್ರಿಕ್ ವಾದ್ಯ ಮತ್ತು ಕ್ಲಾಸಿಕ್ ರಾಕ್ ಹಾಡುಗಳ ಬಾಳಿಕೆ

2020ರ ಜೂನ್‌ನಲ್ಲಿ ಅಮೆರಿಕದ ಜೂಲಿಯನ್ಸ್ ಹರಾಜು ಸಂಸ್ಥೆಯಲ್ಲಿ ಒಂದು ಗಿಟಾರು 60 ಲಕ್ಷ ಡಾಲರಿಗೆ ಮಾರಾಟವಾಯಿತು. ಹರಾಜಿನಲ್ಲಿ ಯಾವ ಗಿಟಾರಿಗೂ ಅಲ್ಲಿಯವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ಅದು 1959ರ ಮಾರ್ಟಿನ್ ಡಿ-18ಇ. ನಿರ್ವಾಣ ತಂಡದ ಕರ್ಟ್ ಕೋಬೇನ್ 1993ರ ನವೆಂಬರ್‌ನಲ್ಲಿ ಎಂಟಿವಿಯ ‘ಅನ್‌ಪ್ಲಗ್ಡ್’ ಕಾರ್ಯಕ್ರಮದಲ್ಲಿ ನುಡಿಸಿದ್ದು. ತಯಾರಕರ ದೃಷ್ಟಿಯಿಂದ ನೋಡಿದರೆ ಇದು ಸೋತ ಮಾದರಿ. ಸುಮಾರು ಮುನ್ನೂರು ಗಿಟಾರುಗಳನ್ನು ಮಾಡುವಷ್ಟರಲ್ಲಿ ಕಂಪನಿ ಕೈಬಿಟ್ಟಿತು. ಒಳ್ಳೆಯ ಮರದ ಗಿಟಾರಿನ ಮೇಲ್ಹಲಗೆಯನ್ನು ಕೊರೆದು ಎರಡು ಡಿಆರ್ಮಂಡ್ ಪಿಕಪ್‌ಗಳನ್ನೂ ಗುಂಡಿಗಳನ್ನೂ ಕೂರಿಸಿದ್ದರಿಂದ ಅದು ಮರದ ಗಿಟಾರಿನಂತೆ ತುಂಬಿ ನುಡಿಯಲೂ ಇಲ್ಲ, ಎಲೆಕ್ಟ್ರಿಕ್ ಗಿಟಾರಿನಂತೆ ಗುಡುಗಲೂ ಇಲ್ಲ.

ರಾಕ್ ಸಂಗೀತದ ಚರಿತ್ರೆಯನ್ನು ಫೆಂಡರ್, ಗಿಬ್ಸನ್ ಕಂಪನಿಗಳ ಗಟ್ಟಿ ಹಲಗೆಯ ಎಲೆಕ್ಟ್ರಿಕ್ ಗಿಟಾರುಗಳ ಸುತ್ತಲೇ ಬರೆಯುವುದು ರೂಢಿ. ಮರದ ಗಿಟಾರು ಮತ್ತು ಎಲೆಕ್ಟ್ರಿಕ್ ಗಿಟಾರುಗಳ ನಡುವಿನ ತಳಿಯಾದ ಅಕೌಸ್ಟಿಕ್-ಎಲೆಕ್ಟ್ರಿಕ್ ಗಿಟಾರಿಗೆ ಅಲ್ಲಿ ಸಿಗುವುದು ಅಡಿಟಿಪ್ಪಣಿಯ ಜಾಗ. ಆದರೆ 1960 ಮತ್ತು 70ರ ದಶಕಗಳ ಹಾಡುಗಳು ಅರ್ಧ ಶತಮಾನ ದಾಟಿಯೂ ವೇದಿಕೆಯ ಮೇಲೆ ಉಳಿದದ್ದಕ್ಕೆ ಈ ಮಿಶ್ರತಳಿಯ ವಾದ್ಯವೂ ಒಂದು ಮುಖ್ಯ ಕಾರಣ ಎಂಬುದು ಈ ಲೇಖನದ ವಾದ.

ಮೊದಲು ಮರದ ಗಿಟಾರಿನ ಸದ್ದನ್ನು ವೇದಿಕೆಯಲ್ಲಿ ಕೇಳಿಸುವುದರಲ್ಲಿದ್ದ ತೊಡಕು ಏನೆಂದು ನೋಡಬೇಕು. ಜಾಜ್ ತಂಡಗಳ ಕಹಳೆ, ಸ್ಯಾಕ್ಸೊಫೋನ್‌ಗಳ ನಡುವೆ ಗಿಟಾರು ಕೇಳಿಸುತ್ತಲೇ ಇರಲಿಲ್ಲ. 1930ರ ದಶಕದ ಆರಂಭದಲ್ಲಿ ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಅಯಸ್ಕಾಂತದ ಪಿಕಪ್ ಇದ್ದ ಗಿಟಾರನ್ನು ಮಾರುಕಟ್ಟೆಗೆ ತಂದರು. 1936ರಲ್ಲಿ ಗಿಬ್ಸನ್‌ನ ಇಎಸ್-150 ಬಂತು. ಚಾರ್ಲಿ ಕ್ರಿಶ್ಚಿಯನ್ ಅದನ್ನು ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಮೇಲೆ ಗಿಟಾರು ಮುಂದಿನ ಸಾಲಿಗೆ ಬಂತು. ಅಯಸ್ಕಾಂತದ ಪಿಕಪ್ ಗ್ರಹಿಸುವುದು ಉಕ್ಕಿನ ತಂತಿಯ ಅಲುಗಾಟವನ್ನು ಮಾತ್ರ. ಮರದ ಒಡಲು, ಒಳಗಿನ ಗಾಳಿ, ಮೇಲ್ಹಲಗೆಯ ಕಂಪನ ಇವು ಅದಕ್ಕೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ಮೈಕ್ ಇಟ್ಟರೆ ಮರದ ನಾದ ಸಿಗುತ್ತದೆ, ಆದರೆ ಡ್ರಮ್ಸ್‌ನ ಸದ್ದೂ ಅದರೊಳಗೆ ನುಗ್ಗುತ್ತದೆ. ಜೊತೆಗೆ ಟೊಳ್ಳು ಒಡಲಿನ ಗಿಟಾರು ಸ್ಪೀಕರಿನಿಂದ ಬಂದ ಸದ್ದಿಗೆ ತಾನೇ ಮಿಡಿದು, ಆ ಮಿಡಿತ ಮತ್ತೆ ಸ್ಪೀಕರಿಗೆ ಹೋಗಿ, ಮದುವೆ ಚಪ್ಪರದ ಮೈಕ್‌ಸೆಟ್ಟಿನಂತೆ ಕೂಗತೊಡಗುತ್ತದೆ. ದೊಡ್ಡ ಒಡಲಿನ ಗಿಟಾರುಗಳಲ್ಲಿ ಈ ಕೂಗು ಹೆಚ್ಚಾಗಿ 100 ಹರ್ಟ್ಸ್ ಆಸುಪಾಸಿನಲ್ಲಿ ಏಳುತ್ತದೆ. ಒಳಗಿನ ಗಾಳಿಯ ಸಹಜ ಕಂಪನದ ನೆಲೆಯೇ ಅದು.

1954ರಲ್ಲಿ ಗಿಬ್ಸನ್ ಕಂಪನಿ ತಂದ ಜೆ-160ಇ ಈ ತೊಡಕಿಗೆ ಒರಟಾದ ಮದ್ದು ಅರೆಯಿತು. ಮೇಲ್ಹಲಗೆ ಕಂಪಿಸಿದರೆ ತಾನೇ ಕೂಗು? ಹಾಗಾಗಿ ಅದಕ್ಕೆ ಪ್ಲೈವುಡ್ ಹಾಕಿ, ಒಳಗೆ ಅಡ್ಡಪಟ್ಟಿಗಳನ್ನು ಬಿಗಿದು, ಕಂಪನವನ್ನೇ ಕುಗ್ಗಿಸಿದರು. ಪಿಕಪ್ಪನ್ನು ಬೆರಳುಹಲಗೆಯ ಕೊನೆಯಲ್ಲಿ ಅಡಗಿಸಿದರು. ಮರದ ನಾದವನ್ನು ಕೊಟ್ಟು ಮೌನ ಕೊಂಡಂತಾಯಿತು. ವಾದ್ಯ ತಯಾರಿಕೆಯ ದೃಷ್ಟಿಯಿಂದ ಇದು ಸೋಲೇ. ಆದರೂ 1962ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನ ಅಂಗಡಿಯೊಂದರಲ್ಲಿ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ತಲಾ 161 ಪೌಂಡಿನಂತೆ ಇಂಥ ಎರಡು ಗಿಟಾರುಗಳನ್ನು ಕೊಂಡರು. ಬೀಟಲ್ಸ್‌ನ ಮೊದಮೊದಲ ಧ್ವನಿಮುದ್ರಣಗಳಲ್ಲಿ ಇವು ಕೇಳಿಸುತ್ತವೆ. 1964ರ ಅಕ್ಟೋಬರ್ 18ರಂದು ‘ಐ ಫೀಲ್ ಫೈನ್’ ಮುದ್ರಿಸುವಾಗ ಲೆನನ್‌ನ ಜೆ-160ಇ ಆಂಪ್ಲಿಫೈಯರ್ ಎದುರು ಕೂಗಿತು. ಎಂಜಿನಿಯರುಗಳು ಮೂವತ್ತು ವರ್ಷದಿಂದ ಅಡಗಿಸಲು ಹೆಣಗಿದ್ದ ಸದ್ದು ಅದು. ಬೀಟಲ್ಸ್ ಅದನ್ನೇ ಹಾಡಿನ ಮೊದಲ ಸ್ವರವಾಗಿ ಉಳಿಸಿಕೊಂಡರು.

ಸ್ಟುಡಿಯೋದ ಒಳಗೆ ಮರದ ಗಿಟಾರಿಗೆ ಯಾವ ಅಡ್ಡಿಯೂ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ರೋಲಿಂಗ್ ಸ್ಟೋನ್ಸ್‌ನ ‘ಸ್ಟ್ರೀಟ್ ಫೈಟಿಂಗ್ ಮ್ಯಾನ್’ (1968) ಕೇಳಿದವರು ಅದರಲ್ಲಿ ಎಲೆಕ್ಟ್ರಿಕ್ ಗಿಟಾರು ಅಬ್ಬರಿಸುತ್ತಿದೆ ಎಂದೇ ತಿಳಿಯುತ್ತಾರೆ. ಕೀತ್ ರಿಚರ್ಡ್ಸ್ ನುಡಿಸಿದ್ದು ಅಕೌಸ್ಟಿಕ್ ಗಿಟಾರು; ಅದರ ಸದ್ದನ್ನು ಒಂದು ಚಿಕ್ಕ ಫಿಲಿಪ್ಸ್ ಕ್ಯಾಸೆಟ್ ರೆಕಾರ್ಡರಿಗೆ ತಾಳಲಾರದಷ್ಟು ತುಂಬಿಸಿ ಒಡಕು ತರಿಸಿದ್ದು. ದಿ ಹೂ ತಂಡದ ‘ಪಿನ್‌ಬಾಲ್ ವಿಜರ್ಡ್’, ಲೆಡ್ ಝೆಪೆಲಿನ್‌ನ ‘ಸ್ಟೇರ್‌ವೇ ಟು ಹೆವನ್’, ಪಿಂಕ್ ಫ್ಲಾಯ್ಡ್‌ನ ‘ವಿಷ್ ಯು ವರ್ ಹಿಯರ್’ ಇವೆಲ್ಲ ಮರದ ಗಿಟಾರಿನಿಂದಲೇ ಶುರುವಾಗುವ ಹಾಡುಗಳು. ತೊಂದರೆ ಎದುರಾದದ್ದು ಊರೂರಿಗೆ ಹೋಗಿ ನುಡಿಸಬೇಕಾದಾಗ. ಒಂದೇ ಹಾಡಿನಲ್ಲಿ ನವಿರಾದ ಆರಂಭವೂ ಸಿಡಿಯುವ ಕೊನೆಯೂ ಇದ್ದ ‘ಸ್ಟೇರ್‌ವೇ’ಗಾಗಿ ಜಿಮ್ಮಿ ಪೇಜ್ ಎರಡು ಕತ್ತಿನ ಗಿಬ್ಸನ್ ಇಡಿಎಸ್-1275 ಹೊತ್ತು ನಿಂತ. ಆ ಚಿತ್ರ ಇಂದು ರಾಕ್‌ನ ಲಾಂಛನದಂತಾಗಿದೆ. ಅದು ಠೀವಿಗಾಗಿ ಹೊತ್ತದ್ದಲ್ಲ. ಅಕೌಸ್ಟಿಕ್ ಗಿಟಾರಿನ ಭಾಗವನ್ನು ವೇದಿಕೆಯಲ್ಲಿ ಎಲೆಕ್ಟ್ರಿಕ್ ಗಿಟಾರಿನ ಮೇಲೆ ನುಡಿಸದೆ ಅವನಿಗೆ ಗತ್ಯಂತರವಿರಲಿಲ್ಲ.

ಪರಿಹಾರ ಬಂದದ್ದು ಹೆಲಿಕಾಪ್ಟರ್ ಕಾರ್ಖಾನೆಯಿಂದ. ಅಮೆರಿಕದ ಕನೆಕ್ಟಿಕಟ್‌ನ ಚಾರ್ಲ್ಸ್ ಕಾಮನ್ ಹೆಲಿಕಾಪ್ಟರ್ ತಯಾರಕ, ಜೊತೆಗೆ ಗಿಟಾರ್ ವಾದಕ. ಹೆಲಿಕಾಪ್ಟರಿನಲ್ಲಿ ಕಂಪನ ಶತ್ರು. ಅದನ್ನು ಅಳೆದು, ಪಳಗಿಸಿ ಅವನ ಎಂಜಿನಿಯರುಗಳಿಗೆ ಕೈ ಪಳಗಿತ್ತು. 1966ರಲ್ಲಿ ಅವನು ಹೊರತಂದ ಓವೇಶನ್ ಗಿಟಾರಿಗೆ ಮರದ ಬೆನ್ನಿನ ಬದಲು ಗಾಜಿನೆಳೆಯ ಬೋಗುಣಿಯಾಕಾರದ ಬೆನ್ನಿತ್ತು. ಕೆಲವೇ ವರ್ಷಗಳಲ್ಲಿ ಅದರ ಬ್ರಿಡ್ಜಿನಲ್ಲಿ, ಅಂದರೆ ನಮ್ಮ ವೀಣೆಯವರು ಕುದುರೆ ಎನ್ನುವ ಭಾಗದಲ್ಲಿ, ಪ್ರತಿ ತಂತಿಯ ಕೆಳಗೂ ಒಂದೊಂದು ಪೀಜೋ ಹರಳು ಬಂದು ಕೂತಿತು. ಹರಳಿನ ಮೇಲೆ ಒತ್ತಡ ಬಿದ್ದರೆ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಪಿಯರ್ ಮತ್ತು ಜಾಕ್ ಕ್ಯೂರಿ ಸೋದರರು 1880ರಲ್ಲೇ ತೋರಿಸಿದ್ದರು. ಪೀಜೋಗೆ ಉಕ್ಕಿನ ಹಂಗಿಲ್ಲ. ನೈಲಾನ್ ತಂತಿಯೂ ಆದೀತು. ತಂತಿಯೂ ಮೇಲ್ಹಲಗೆಯೂ ಸೇರಿ ಕುದುರೆಯನ್ನು ಅದುಮುವುದನ್ನು ಅದು ಗ್ರಹಿಸುತ್ತದೆ. ಅದರ ಸಂಕೇತ ಮಾತ್ರ ತೀರ ನಾಜೂಕಿನದು, ಉದ್ದದ ಕೇಬಲ್ಲಿನಲ್ಲಿ ಸೊರಗಿಹೋಗುತ್ತದೆ. ಅದಕ್ಕೆಂದೇ ಗಿಟಾರಿನ ಒಳಗೇ ಒಂದು ಪುಟ್ಟ ಪ್ರಿಆಂಪ್, ಅದಕ್ಕೊಂದು ಬ್ಯಾಟರಿ. ನನ್ನ ಲೆಕ್ಕದಲ್ಲಿ ಈ ವಾದ್ಯದ ಚರಿತ್ರೆಯ ನಿಜವಾದ ತಿರುವು ಈ ಪ್ರಿಆಂಪೇ. ಗ್ಲೆನ್ ಕ್ಯಾಂಪ್‌ಬೆಲ್ ತನ್ನ ಟಿವಿ ಕಾರ್ಯಕ್ರಮದಲ್ಲಿ ಓವೇಶನ್ ನುಡಿಸಿ ಅದನ್ನು ಮನೆಮನೆಗೆ ಮುಟ್ಟಿಸಿದ. 1970ರ ದಶಕದ ಕೊನೆಗೆ ಜಪಾನಿನ ತಕಮೀನೆ ಕಂಪನಿಯೂ ಕುದುರೆಯಡಿಯ ಪಿಕಪ್ಪಿನೊಂದಿಗೆ ಬಂದಿತು. ಜೋರಾಗಿ ಬಾರಿಸಿದರೆ ಪೀಜೋದ ಸದ್ದು ಬಾತುಕೋಳಿ ಕೂಗಿದಂತೆ ಒಣಗುತ್ತದೆಂಬ ದೂರು ಇಂದಿಗೂ ಪೂರ್ತಿ ತೀರಿಲ್ಲ.

ಓವೇಶನ್ ಪ್ಲಾಸ್ಟಿಕ್ ಬೆನ್ನು ಹತ್ತಿದ ಹೊತ್ತಿಗೆ ಮರದ ಲೋಕದಲ್ಲೂ ಒಂದು ಪಲ್ಲಟ ನಡೆಯಿತು. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು ತಡೆದ ಕಾರಣ ಮಾರ್ಟಿನ್ ಕಂಪನಿ 1969ರಲ್ಲಿ ಡಿ-28ರಂಥ ಗಿಟಾರುಗಳ ಬೆನ್ನು, ಪಕ್ಕೆಗಳಿಗೆ ಭಾರತದ ರೋಸ್‌ವುಡ್ಡಿಗೆ ತಿರುಗಿತು. ಪಶ್ಚಿಮ ಘಟ್ಟದವರು ಬೀಟೆ ಎನ್ನುವ ಮರವೇ ಅದು. ಕೊಡಗು, ಮಲೆನಾಡಿನ ಮನೆಗಳಲ್ಲಿ ಮಂಚ, ಕುರ್ಚಿಗಳಾಗಿದ್ದ ಮರದ ಜಾತಿ ಹೀಗೆ ರಾಕ್‌ನ ನಾದದೊಳಗೆ ಸೇರಿತು. 2017ರಲ್ಲಿ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಿದ್ದಾಗ ಗಿಟಾರ್ ತಯಾರಕರು ಕಂಗಾಲಾದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು.

‘ಕ್ಲಾಸಿಕ್ ರಾಕ್’ ಎಂಬ ವರ್ಗವನ್ನು ಹುಟ್ಟುಹಾಕಿದ್ದು ಸಂಗೀತಗಾರರಲ್ಲ, 1980ರ ದಶಕದ ಅಮೆರಿಕದ ಎಫ್‌ಎಂ ರೇಡಿಯೊ. ಹದಿಹರೆಯದಲ್ಲಿ ಕೇಳಿದ ಹಾಡುಗಳನ್ನೇ ಮತ್ತೆ ಕೇಳಬಯಸುವ, ಕೈಯಲ್ಲಿ ಕಾಸಿರುವ ಕೇಳುಗರು ಜಾಹೀರಾತುದಾರರಿಗೆ ಬೇಕಿದ್ದರು. ಬರಿಯ ಹಳಹಳಿಕೆಯಾಗಿದ್ದರೆ ಅದು ಆ ತಲೆಮಾರಿನೊಂದಿಗೇ ಮುಗಿಯಬೇಕಿತ್ತು. ಮುಗಿಯದಿರಲು ಒಂದು ಕಾರಣ, ಹಾಡುಗಳು ಹೊಸ ಉಡುಪಿನಲ್ಲಿ ಬಂದದ್ದು. 1989ರ ನವೆಂಬರ್‌ನಲ್ಲಿ ‘ಅನ್‌ಪ್ಲಗ್ಡ್’ ಪ್ರಸಾರ ಆರಂಭವಾಯಿತು. 1992ರ ಜನವರಿಯಲ್ಲಿ ಇಂಗ್ಲೆಂಡಿನ ಬ್ರೇ ಸ್ಟುಡಿಯೋದಲ್ಲಿ ಎರಿಕ್ ಕ್ಲಾಪ್ಟನ್ ಕುರ್ಚಿಯ ಮೇಲೆ ಕೂತು ತನ್ನ 1970ರ ‘ಲೈಲಾ’ವನ್ನು ವೇಗ ತಗ್ಗಿಸಿ ಹಾಡಿದ. ಆ ಆಲ್ಬಂ ಅಮೆರಿಕವೊಂದರಲ್ಲೇ 1 ಕೋಟಿ ಪ್ರತಿಗಳ ಗಡಿ ಮುಟ್ಟಿತು, 1993ರಲ್ಲಿ ವರ್ಷದ ಆಲ್ಬಂ ಎಂದು ಗ್ರ್ಯಾಮಿ ಪಡೆಯಿತು. 1994ರಲ್ಲಿ ಮತ್ತೆ ಒಂದಾದ ಈಗಲ್ಸ್ ತಂಡ ‘ಹೋಟೆಲ್ ಕ್ಯಾಲಿಫೋರ್ನಿಯಾ’ವನ್ನು ಮರದ ಗಿಟಾರುಗಳಿಗೆ ಹೊಂದಿಸಿ ನುಡಿಸಿತು. ನಮ್ಮಲ್ಲಿ ಹಲವರು ಮೊದಲು ಕೇಳಿದ್ದು 1976ರ ಮೂಲವನ್ನಲ್ಲ, ಇದನ್ನೇ.

ಈ ಕಾರ್ಯಕ್ರಮಗಳಲ್ಲಿ ವಿದ್ಯುತ್ತೇ ಇರಲಿಲ್ಲ ಎಂದು ಭಾವಿಸಿದರೆ ತಪ್ಪಾಗುತ್ತದೆ. ಕೋಬೇನ್ ತನ್ನ ಡಿ-18ಇಯನ್ನು ಆಂಪ್ಲಿಫೈಯರಿಗೇ ಜೋಡಿಸಿದ್ದ. ಅದು ಕಣ್ಣಿಗೆ ಬೀಳದಿರಲೆಂದು ನಿರ್ಮಾಪಕ ಅಲೆಕ್ಸ್ ಕೊಲೆಟಿ ಅದರ ಮುಂದೆ ಒಂದು ಪೆಟ್ಟಿಗೆಯನ್ನು ಅಡ್ಡ ಇಡಿಸಿದ. ಕೋಬೇನ್ ಅಂದು ಹಾಡಿದ, ಡೇವಿಡ್ ಬೋವಿಯ 1970ರ ‘ದಿ ಮ್ಯಾನ್ ಹೂ ಸೋಲ್ಡ್ ದ ವರ್ಲ್ಡ್’ ಹೊಸ ಪೀಳಿಗೆಗೆ ತಲುಪಿದ್ದು ಆ ಮರೆಮಾಚಿದ ಆಂಪ್ಲಿಫೈಯರಿನ ಮೂಲಕ. ಪ್ರೇಕ್ಷಕರು ಸಹಜ ನಾದವೆಂದು ಮೆಚ್ಚಿದ್ದರ ಹಿಂದೆ ಹಲವು ದಶಕಗಳ ವಿದ್ಯುತ್ ಕಸುಬಿತ್ತು.

ಬೆಂಗಳೂರಿನ ಅರಮನೆ ಮೈದಾನಕ್ಕೆ 2001ರಲ್ಲಿ ಡೀಪ್ ಪರ್ಪಲ್, 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದು ಹೋದರು. ಅಂಥ ಮೈದಾನದ ಸಂಗೀತಕ್ಕಿಂತ ಪಬ್ಬಿನ ಮೂಲೆಯ ಒಂಟಿ ವಾದಕನೇ ಈ ಹಾಡುಗಳನ್ನು ಹೆಚ್ಚು ಕಾಪಾಡಿದ್ದಾನೆ ಎಂದು ನನಗೆ ಅನ್ನಿಸುತ್ತದೆ. ಡ್ರಮ್ಸ್ ಇಡಲು ಜಾಗವಿಲ್ಲದ, ಇಡೀ ತಂಡಕ್ಕೆ ಸಂಭಾವನೆ ಕೊಡಲಾಗದ ಕಡೆ ಒಂದು ಅಕೌಸ್ಟಿಕ್-ಎಲೆಕ್ಟ್ರಿಕ್, ಒಂದು ಕೇಬಲ್, ಒಂದು ಮೈಕ್ ಇದ್ದರೆ ಸಂಜೆ ನಡೆದುಹೋಗುತ್ತದೆ. ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರು ಹಿಡಿದೇ ದೊಡ್ಡ ರಾಕ್ ವೇದಿಕೆಗಳಿಗೆ ಒಯ್ದದ್ದೂ ಈ ಅನುಕೂಲದ ಇನ್ನೊಂದು ಮುಖ.

ಈ ವಾದ ಎಲ್ಲ ಹಾಡುಗಳಿಗೂ ಸಲ್ಲುವುದಿಲ್ಲ. ‘ಹೋಟೆಲ್ ಕ್ಯಾಲಿಫೋರ್ನಿಯಾ’ ಮರದ ಗಿಟಾರಿನಲ್ಲಿ ಮತ್ತಷ್ಟು ಅರಳುತ್ತದೆ. ಡೀಪ್ ಪರ್ಪಲ್‌ನ ‘ಸ್ಮೋಕ್ ಆನ್ ದ ವಾಟರ್’ ಅಲ್ಲಿ ಬಡವಾಗುತ್ತದೆ, ಏಕೆಂದರೆ ಅದರ ಸ್ವರಗಳಷ್ಟೇ ಮುಖ್ಯವಾದದ್ದು ಸ್ಪೀಕರಿನ ಒಡಕು ಸದ್ದು. 2007ರಲ್ಲಿ ಅದೇ ಅರಮನೆ ಮೈದಾನದಲ್ಲಿ ಐರನ್ ಮೇಡನ್‌ಗಾಗಿ ನೆರೆದ ಜನಸಾಗರವನ್ನು ಕುದುರೆಯಡಿಯ ಪೀಜೋದಿಂದ ವಿವರಿಸಲಾಗದು. ಹೆವಿ ಮೆಟಲ್‌ನ ಬಾಳಿಕೆಗೆ ಬೇರೆಯೇ ಕಾರಣಗಳನ್ನು ಹುಡುಕಬೇಕು.